ಮನೆ ಸಾಮಾನು ಸ್ಥಳಾಂತರ: ಕೊಲ್ಹಾರ ಪ್ರದೇಶ

ವಾಸದ ಮನೆಯ ಸಾಮಾನುಗಳನ್ನು ಯಾದಿ ಮಾಡಿ, ಕಟ್ಟಿ, ವಾಹನಕ್ಕೆ ಏರಿಸಿ ಇನ್ನೊಂದು ಮನೆಗೆ ಮುಟ್ಟಿಸುವ ಕೆಲಸ. ಹಣ ಪಡೆದು ಇದನ್ನು ಮಾಡಿಕೊಡುವ ಸಂಸ್ಥೆಗಳನ್ನು ಪ್ಯಾಕರ್ಸ್ ಅಂಡ್ ಮೂವರ್ಸ್ ಎನ್ನುತ್ತಾರೆ. ವಿಜಯಪುರ ಜಿಲ್ಲೆಯ ಕೊಲ್ಹಾರ ಮತ್ತು ಅದರ ಆಸುಪಾಸಿನ ಬಸವನ ಬಾಗೇವಾಡಿ, ಮುದ್ದೇಬಿಹಾಳ, ಸಿಂದಗಿ, ಇಂಡಿ ಸೀಮೆಯಲ್ಲಿ ಮನೆ ಬದಲಿಸುವುದು ಎರಡು ಬಗೆ. ಆಲಮಟ್ಟಿ ಜಲಾಶಯ ತುಂಬಿದಾಗ ಊರಿಗೆ ಊರೇ ಎದ್ದುಹೋದದ್ದು ಒಂದು. ನೌಕರಿ, ಮಕ್ಕಳ ಓದು ಎಂದು ಒಂದೊಂದೇ ಸಂಸಾರ ಹುಬ್ಬಳ್ಳಿ, ಪುಣೆ, ಬೆಂಗಳೂರಿನ ದಾರಿ ಹಿಡಿಯುವುದು ಇನ್ನೊಂದು. ಎರಡರಲ್ಲೂ ಮನೆಯವರನ್ನು ಉಳಿಸುವುದು ಸಾಮಾನು ಎತ್ತುವ ಮೊದಲೇ ಬರೆದಿಟ್ಟ ಯಾದಿ.

ಮುಳುಗಡೆಯ ಕಾಲ

ಕೊಲ್ಹಾರ ಕೃಷ್ಣಾ ನದಿಯ ಉತ್ತರ ದಡದ ಊರು. ಮಣ್ಣಿನ ಗಡಿಗೆಯ ಗಟ್ಟಿ ಮೊಸರಿಗೆ ಹೆಸರಾದದ್ದು. ಬಹುಕಾಲ ಬಸವನ ಬಾಗೇವಾಡಿ ತಾಲ್ಲೂಕಿನಲ್ಲಿದ್ದು, 2017–18ರಲ್ಲಿ ರಚನೆಯಾದ ಹೊಸ ತಾಲ್ಲೂಕುಗಳ ಸಾಲಿನಲ್ಲಿ ತಾನೂ ತಾಲ್ಲೂಕು ಕೇಂದ್ರವಾಯಿತು. ಹಳೆಯ ಕೊಲ್ಹಾರ ಆಲಮಟ್ಟಿಯ ಹಿನ್ನೀರಿಗೆ ಸಿಕ್ಕಿತು. ಈಗಿನ ಊರು ಎತ್ತರದ ನೆಲದಲ್ಲಿ ಹೊಸದಾಗಿ ಕಟ್ಟಿಕೊಂಡದ್ದು. ಊರನ್ನು ಎದುರು ದಡದ ಕೊರ್ತಿಗೆ ಜೋಡಿಸುವ ಸುಮಾರು 3 ಕಿ.ಮೀ. ಉದ್ದದ ಸೇತುವೆಗೂ ಇದೇ ಹಿನ್ನೀರು ಕಾರಣ.

ಆಲಮಟ್ಟಿ ಅಣೆಕಟ್ಟಿಗೆ 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿ ಅಡಿಗಲ್ಲು ಇಟ್ಟರು. 2006ರ ಆಗಸ್ಟ್ 21ರಂದು ರಾಷ್ಟ್ರಪತಿ ಎ.ಪಿ.ಜೆ. ಅಬ್ದುಲ್ ಕಲಾಂ ಅದನ್ನು ಲೋಕಾರ್ಪಣೆ ಮಾಡಿದರು. ಈ ನಾಲ್ಕು ದಶಕ ಮುಳುಗಡೆ ಪ್ರದೇಶದ ಜನ ಹೋಗುವುದೋ ಇರುವುದೋ ತಿಳಿಯದೆ ಕಳೆದರು. ನಾಳೆ ನೀರು ಬರುತ್ತದೆ ಎಂಬ ಮನೆಗೆ ಸುಣ್ಣ ಬಳಿಯಲೂ ಮನಸ್ಸಾಗುವುದಿಲ್ಲ. ಜಲಾಶಯದ ಮಟ್ಟ 519.60 ಮೀಟರ್‌ಗೆ ನಿಂತಾಗ 136 ಹಳ್ಳಿಗಳೂ ಬಾಗಲಕೋಟೆ ನಗರದ ಒಂದು ಭಾಗವೂ ಬಾಧಿತವಾಗಿದ್ದವು. ಬಾಗಲಕೋಟೆಯವರಿಗೆ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಯೋಜಿಸಿದ ನವನಗರ ಎದ್ದಿತು. ಹಳ್ಳಿಗಳಿಗೆ ಪುನರ್ವಸತಿ ಕೇಂದ್ರಗಳಾದವು. ಜನರ ಬಾಯಲ್ಲಿ ಅವು ಇಂದಿಗೂ 'ಆರ್‌ಸಿ'ಗಳೇ. ಪುನರ್ವಸತಿಯ ಕೆಲಸ ಸರಿಯಿಲ್ಲವೆಂದು 1990ರ ದಶಕದಲ್ಲಿ ವಿಶ್ವಬ್ಯಾಂಕ್ ಆಲಮಟ್ಟಿಯನ್ನು ಒಳಗೊಂಡ ಕೃಷ್ಣಾ ಮೇಲ್ದಂಡೆ ಯೋಜನೆಗೆ ಕೊಡುತ್ತಿದ್ದ ಹಣವನ್ನೇ ತಡೆಹಿಡಿದಿತ್ತು.

ಆ ಸ್ಥಳಾಂತರದಲ್ಲಿ ಮನೆಯೇ ಸಾಮಾನಾಗಿತ್ತು. ಈ ಸೀಮೆಯ ಹಳೆಯ ಮನೆ ಕಲ್ಲು ಮಣ್ಣಿನ ಗೋಡೆಯ ಮೇಲ್ಮುದ್ದೆ ಮನೆ: ಕಂಬ, ತೊಲೆ, ಜಂತಿಗಳ ಮೇಲೆ ಮಣ್ಣಿನ ಮಾಳಿಗೆ, ನಡುವೆ ಬೆಳಕಿಂಡಿ. ಮಣ್ಣು ಬಿಟ್ಟು ಉಳಿದದ್ದೆಲ್ಲ ಬಿಚ್ಚಿದರೆ ಮತ್ತೆ ಬಳಕೆಗೆ ಬರುತ್ತದೆ. ತಲಬಾಗಿಲ ಚೌಕಟ್ಟು, ಹೊಸ್ತಿಲು, ಸಾಗವಾನಿ ಕಂಬಗಳನ್ನು ಚಕ್ಕಡಿಗೂ ಟ್ರ್ಯಾಕ್ಟರಿಗೂ ಹೇರಿಕೊಂಡು ಹೋದರು. ಜೋಳದ ಚೀಲ, ಬೀಸುವ ಕಲ್ಲು, ದನಕರು ಹಿಂದಿನಿಂದ ಹೋದವು. ಒಯ್ಯಲಾಗದೆ ಉಳಿದದ್ದು ಕಾಳು ತುಂಬಿಡುವ ನೆಲದೊಳಗಿನ ಹಗೇವು.

ಕಾನೂನು ಇಂಥ ಸ್ಥಳಾಂತರವನ್ನು ಕಂಡ ರೀತಿ ಕಾಲಕ್ಕೆ ತಕ್ಕಂತೆ ಬದಲಾಗಿದೆ. 1894ರ ಭೂಸ್ವಾಧೀನ ಕಾಯ್ದೆಯ 23ನೇ ಕಲಮು, ವಾಸದ ಮನೆ ಬದಲಿಸಬೇಕಾಗಿ ಬಂದವರಿಗೆ ಅದರ ನ್ಯಾಯಯುತ ಖರ್ಚನ್ನು ಪರಿಗಣಿಸಬೇಕು ಎಂದು ಒಂದು ಮಾತು ಹೇಳಿ ಮುಗಿಸಿತ್ತು. 2013ರ ಭೂಸ್ವಾಧೀನ ಮತ್ತು ಪುನರ್ವಸತಿ ಕಾಯ್ದೆ ಕುಟುಂಬಕ್ಕೆ ಒಂದೇ ಕಂತಿನಲ್ಲಿ 50,000 ರೂ. ಸಾಗಣೆ ವೆಚ್ಚ ಗೊತ್ತುಮಾಡಿದೆ. ಮನೆಮಂದಿ, ಸಾಮಾನು, ಜಾನುವಾರುಗಳ ಜೊತೆಗೆ ಕಟ್ಟಡದ ಸಾಮಗ್ರಿಯನ್ನೂ ಅದರಲ್ಲಿ ಹೆಸರಿಸಿದೆ. ತೊಲೆ ಜಂತಿ ಹೊತ್ತೊಯ್ದವರ ಅನುಭವವನ್ನು ಕಾಯ್ದೆ ಒಪ್ಪಿಕೊಂಡದ್ದು ಬಹಳ ತಡವಾಗಿ. ಆದರೂ ವಿಷಯ ಹಳತಾಗಿಲ್ಲ. ಬ್ರಿಜೇಶ್ ಕುಮಾರ್ ನೇತೃತ್ವದ ಕೃಷ್ಣಾ ಜಲವಿವಾದ ನ್ಯಾಯಮಂಡಳಿ 2010ರಲ್ಲಿ ಜಲಾಶಯದ ಮಟ್ಟವನ್ನು 524.256 ಮೀಟರ್‌ಗೆ ಏರಿಸಲು ಒಪ್ಪಿದೆ. ಅದು ಜಾರಿಯಾದರೆ ಇನ್ನೂ 20 ಹಳ್ಳಿಗಳು ಜಾಗ ಬಿಡಬೇಕಾಗುತ್ತದೆ.

ಟ್ರ್ಯಾಕ್ಟರೋ ಪ್ಯಾಕರ್ಸೋ

ಕೊಲ್ಹಾರದಿಂದ ಬಾಗೇವಾಡಿಗೋ ವಿಜಯಪುರಕ್ಕೋ ಮನೆ ಬದಲಿಸುವವರಿಗೆ ಪ್ಯಾಕರ್ಸ್ ಬೇಕಿಲ್ಲ. ಟ್ರ್ಯಾಕ್ಟರಿನ ಟ್ರೇಲರ್ ಅಥವಾ ಟಾಟಾ ಏಸ್, ನಾಲ್ಕು ಮಂದಿ ಹಮಾಲರು, ಒಳಗೆ ಹಾಸಲು ಮನೆಯ ಕೌದಿಗಳು ಸಾಕು. ಎರಿ ಮಣ್ಣಿನ ದಾರಿಯಿದ್ದರೆ ಮಳೆಗಾಲದಲ್ಲಿ ಲಾರಿಗಿಂತ ಟ್ರ್ಯಾಕ್ಟರೇ ವಾಸಿ. ಹಳ್ಳಿಯಲ್ಲಿ ಓಣಿಯವರೇ ಬಂದು ಕೈ ಹಚ್ಚುತ್ತಾರೆ, ಅವರಿಗೆ ಊಟ ಹಾಕಿದರಾಯಿತು. ಗುಳೆ ಹೋಗುವವರ ಕಥೆಯಂತೂ ಬೇರೆಯೇ: ಗಂಟುಮೂಟೆ ಬಸ್ಸಿನ ಮೇಲೆ, ಮನೆಗೆ ಕೀಲಿ.

ದೂರ ಹೆಚ್ಚಿ, ಫ್ರಿಜ್ಜು, ವಾಷಿಂಗ್ ಮಷೀನು, ಗಾಜಿನ ಕಪಾಟು ಕೂಡಿಕೊಂಡು, ಇಳಿಸಿಕೊಳ್ಳುವ ಊರಿನಲ್ಲಿ ಪರಿಚಯದ ಕೈಗಳಿಲ್ಲ ಎಂದಾಗ ಪ್ಯಾಕರ್ಸ್ ಲೆಕ್ಕಕ್ಕೆ ಬರುತ್ತಾರೆ. ಲಾರಿ ಹುಬ್ಬಳ್ಳಿ, ವಿಜಯಪುರದಂಥ ಕಡೆಯಿಂದ ಖಾಲಿ ಬರಬೇಕಾದಾಗ ಆ ಬಾಡಿಗೆಯೂ ಗ್ರಾಹಕನ ಮೇಲೆಯೇ ಬೀಳಬಹುದು. ಬೇರೆಯವರ ಸಾಮಾನಿನ ಜೊತೆ ಒಂದೇ ಲಾರಿಯಲ್ಲಿ ಕಳಿಸಿದರೆ ಅಗ್ಗವಾಗುತ್ತದೆ. ಆದರೆ ದಾರಿಯಲ್ಲಿ ಗೋದಾಮಿಗೆ ಇಳಿದು ಮತ್ತೆ ಏರುತ್ತದೆ, ಒಡೆಯುವುದು ಹೆಚ್ಚಾಗಿ ಆ ಏರಿಳಿತದಲ್ಲೇ. ಮೂರು ಕಡೆ ದರ ಕೇಳುವುದು ವಾಡಿಕೆ. ಮನೆಗೆ ಬಂದು ಸಾಮಾನು ನೋಡಿ ಹೇಳಿದ ದರವನ್ನು ನಂಬಬಹುದು. ಫೋನಿನಲ್ಲೇ ತೀರ ಕಡಿಮೆ ಹೇಳಿದವರು ಸಾಮಾನು ಲಾರಿ ಸೇರಿದ ಮೇಲೆ ಹೆಚ್ಚು ಕೇಳುವುದು ಈ ವ್ಯವಹಾರದ ಹಳೆಯ ಹುಳುಕು. ಕಟ್ಟುವುದು, ಏರಿಸುವುದು, ಬಾಡಿಗೆ, ಟೋಲ್, ಇಳಿಸುವುದು, ಮಹಡಿ ಏರಿಸುವ ಕೂಲಿ, ಜಿಎಸ್‌ಟಿ ಎಲ್ಲವೂ ದರಪತ್ರದಲ್ಲಿ ಬಿಡಿಬಿಡಿಯಾಗಿ ಇರಬೇಕು.

ಫಲಕಗಳಲ್ಲಿ ಕಾಣುವ 'ಐಬಿಎ ಅನುಮೋದಿತ' ಎಂಬ ಮಾತಿಗೆ ಜನ ಅತಿ ಬೆಲೆ ಕೊಡುತ್ತಾರೆ. ಅದು ಭಾರತೀಯ ಬ್ಯಾಂಕುಗಳ ಸಂಘ ಬ್ಯಾಂಕ್ ವ್ಯವಹಾರದ ಅನುಕೂಲಕ್ಕಾಗಿ ಇಟ್ಟುಕೊಂಡ ಸಾಗಣೆದಾರರ ಪಟ್ಟಿ. ಗಾಜಿನ ಬಟ್ಟಲನ್ನು ಯಾರು ಚೆನ್ನಾಗಿ ಸುತ್ತುತ್ತಾರೆ ಎಂಬುದಕ್ಕೆ ಪ್ರಮಾಣಪತ್ರವಲ್ಲ. ನೋಡಬೇಕಾದದ್ದು 2007ರ ರಸ್ತೆ ಸಾಗಣೆ ಕಾಯ್ದೆಯಡಿಯ ನೋಂದಣಿ ಸಂಖ್ಯೆ ಮತ್ತು ಜಿಎಸ್‌ಟಿ ಸಂಖ್ಯೆ.

ಯಾದಿ ಮತ್ತು ಬಿಲ್ಟಿ

2011ರಲ್ಲಿ ಜಾರಿಗೆ ಬಂದ ಈ ರಸ್ತೆ ಸಾಗಣೆ ಕಾಯ್ದೆ 1865ರ ಹಳೆಯ ಕಾಯ್ದೆಯ ಜಾಗದಲ್ಲಿ ಬಂದದ್ದು. ಸಾಮಾನು ಒಪ್ಪಿಸುವವನು ಅದರ ವಿವರ, ಬೆಲೆಗಳನ್ನು ಬರೆದು ಸರಕು ರವಾನೆ ಪತ್ರ ಕೊಡಬೇಕು. ಸಾಗಣೆದಾರ ರಸೀದಿ ಕೊಡಬೇಕು. ಇದೇ ಬಿಲ್ಟಿ ಅಥವಾ ಎಲ್‌ಆರ್. ಸಾಮಾನು ಹಾಳಾದರೆ ಸಾಗಣೆದಾರನ ನಿರ್ಲಕ್ಷ್ಯವನ್ನು ಗ್ರಾಹಕ ರುಜುವಾತು ಮಾಡಬೇಕಿಲ್ಲ. ಇಷ್ಟರವರೆಗೆ ಕಾಯ್ದೆ ಗ್ರಾಹಕನ ಕಡೆಗಿದೆ. ಆದರೆ ಹೆಚ್ಚಿನ ಜವಾಬ್ದಾರಿಯ ದರ ಕೊಟ್ಟಿರದಿದ್ದರೆ ಪರಿಹಾರ ಬಾಡಿಗೆಯ ಹತ್ತು ಪಟ್ಟನ್ನು ಮೀರುವುದಿಲ್ಲ, ಬರೆದುಕೊಟ್ಟ ಬೆಲೆಯನ್ನೂ ಮೀರುವುದಿಲ್ಲ. ಮುಳುಗಡೆಯ ಕಾಲದಲ್ಲಿ ಮನೆಯ ಅಳತೆ ಬರೆದುಕೊಂಡು ಹೋದವರ ಕಾಗದದಲ್ಲಿ ಇಲ್ಲದ ಕೋಣೆಗೆ ಹೇಗೆ ಹಣವಿರಲಿಲ್ಲವೋ, ಯಾದಿಯಲ್ಲಿ ಇಲ್ಲದ ಮಿಕ್ಸರಿಗೆ ಇಲ್ಲಿಯೂ ಹಣವಿಲ್ಲ. ತೆರಿಗೆ ಉಳಿಸಲೆಂದು ಬೆಲೆ ಕಡಿಮೆ ಬರೆಸುವ ಚಾಳಿ ಕೆಲವರಿಗಿದೆ. ಅದು ಬೇಡವೇ ಬೇಡದ ಜಾಣತನ. ಬಳಸಿದ ಮನೆಸಾಮಾನಿಗೆ ಇ-ವೇ ಬಿಲ್ಲೇ ಬೇಕಿಲ್ಲ, ಜಿಎಸ್‌ಟಿ ನಿಯಮ ಅದಕ್ಕೆ ವಿನಾಯಿತಿ ಕೊಟ್ಟಿದೆ.

ಪ್ರತಿ ಪೆಟ್ಟಿಗೆಗೆ ಒಂದು ಸಂಖ್ಯೆ, ಒಳಗಿರುವ ವಸ್ತು, ಅದರ ಈಗಿನ ಸ್ಥಿತಿ, ಅಂದಾಜು ಬೆಲೆ ಬರೆದು ಎರಡು ಪ್ರತಿ ಮಾಡಿ ಇಬ್ಬರೂ ಸಹಿ ಹಾಕಬೇಕು. ಟಿವಿ, ಫ್ರಿಜ್ಜು ಚಾಲೂ ಇರುವ ಫೋಟೊ ತೆಗೆದಿಡಬೇಕು. ವಿಮೆಗೆ ಹಣ ಕೊಟ್ಟರೆ ವಿಮಾ ಕಂಪನಿಯ ಹೆಸರಿರುವ ಪತ್ರ ಕೇಳಬೇಕು. ಸಾಗಣೆದಾರ ತನ್ನ ಬಿಲ್ಲಿನಲ್ಲಿ 'ವಿಮೆ' ಎಂದು ಒಂದು ಸಾಲು ಬರೆದರೆ ಅದು ವಿಮೆಯಾಗುವುದಿಲ್ಲ. 'ಮಾಲೀಕರ ಜವಾಬ್ದಾರಿ' ಎಂಬ ಠಸ್ಸೆ ಇದೆಯೇ ಎಂದು ಸಹಿಗೆ ಮೊದಲೇ ಓದಬೇಕು.

ಕಟ್ಟುವಾಗ

ತುಂಬಿದ ಸಿಲಿಂಡರು, ಪೆಟ್ರೋಲು, ಆ್ಯಸಿಡ್ ಒಯ್ಯುವುದಿಲ್ಲ. ಗ್ಯಾಸ್ ಸಂಪರ್ಕವನ್ನು ಏಜೆನ್ಸಿಗೆ ಒಪ್ಪಿಸಿ ವರ್ಗಾವಣೆ ಚೀಟಿ ಪಡೆಯಬೇಕು. ಫ್ರಿಜ್ಜನ್ನು ಹಿಂದಿನ ದಿನವೇ ಆರಿಸಿ ಒಣಗಿಸಬೇಕು, ನಿಲ್ಲಿಸಿಯೇ ಸಾಗಿಸಬೇಕು, ಇಳಿಸಿದ ಕೆಲವು ತಾಸಿನ ಮೇಲೆ ಚಾಲೂ ಮಾಡಬೇಕು. ಬಂಗಾರ, ಪಹಣಿ, ಖರೀದಿ ಪತ್ರ, ಶಾಲೆಯ ಟಿಸಿ ಮನೆಯವರ ಚೀಲದಲ್ಲೇ ಹೋಗಬೇಕು. ಬೀಸುವ ಕಲ್ಲು, ಒಳಕಲ್ಲುಗಳ ತೂಕ ಬಾಡಿಗೆಯನ್ನು ಏರಿಸುತ್ತದೆ. ಬೆಂಗಳೂರಿನ ಮೂರನೇ ಮಹಡಿಯಲ್ಲಿ ಅವು ಎಲ್ಲಿ ಕೂರಬೇಕೆಂದು ಮೊದಲೇ ಯೋಚಿಸುವುದು ಒಳ್ಳೆಯದು. ಉಪ್ಪಿನಕಾಯಿ ಭರಣಿಯನ್ನು ಪ್ಯಾಕರ್ಸ್ ಹುಡುಗರಿಗೆ ಒಪ್ಪಿಸಬಾರದು. ಎಣ್ಣೆ ಜಿನುಗಿ ಕೌದಿಗಳೆಲ್ಲ ಹಾಳಾಗುತ್ತವೆ. ಶೇಂಗಾ ಹಿಂಡಿ, ಜೋಳಕ್ಕೆ ಆ ಭಯವಿಲ್ಲ. ಮೊಸರಿನ ಗಡಿಗೆಯ ಮಾತು ಎತ್ತದಿರುವುದೇ ಲೇಸು. ದನಗಳ ಸಾಗಣೆಗೆ ಬೇರೆಯೇ ನಿಯಮಗಳಿವೆ.

ದಿನ ಗೊತ್ತುಮಾಡುವಾಗ ಆಷಾಢ ಮತ್ತು ಅಮಾವಾಸ್ಯೆಯನ್ನು ಬಹುತೇಕರು ಬಿಡುತ್ತಾರೆ. ಹೀಗಾಗಿ ಶಾಲೆ ರಜೆಯ ಏಪ್ರಿಲ್, ಮೇ ತಿಂಗಳಲ್ಲಿ ನೂಕುನುಗ್ಗಲು, ದರವೂ ಏರು. ಶಾಸ್ತ್ರದ ಅಡ್ಡಿ ಇಲ್ಲದವರಿಗೆ ಆಷಾಢದಲ್ಲಿ ದರ ಕಡಿಮೆ ಮಾಡಿಸಲು ಅವಕಾಶ ಹೆಚ್ಚು. ಹಾಲು ಉಕ್ಕಿಸುವ ಪಾತ್ರೆ, ದೇವರ ಸಾಮಾನು, ಒಂದು ಕಂದೀಲು ಅಥವಾ ಬ್ಯಾಟರಿಯ ಪೆಟ್ಟಿಗೆಯನ್ನು ಕೊನೆಗೆ ಏರಿಸಿದರೆ ಮೊದಲು ಇಳಿಯುತ್ತದೆ. ಹೊರಡುವ ಮುನ್ನ ಹೆಸ್ಕಾಂನ ವಿದ್ಯುತ್ ಬಾಕಿ ತೀರಿಸಿ ರಸೀದಿ ಇಟ್ಟುಕೊಳ್ಳಬೇಕು. ಮತದಾರರ ಪಟ್ಟಿಯಲ್ಲಿ ವಿಳಾಸ ಬದಲಿಸಲು ನಮೂನೆ 8 ಇದೆ. ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಬೈಕ್ ಇಟ್ಟುಕೊಳ್ಳುವವರು ಅಲ್ಲಿನ ನೋಂದಣಿ ಪಡೆಯಬೇಕು.

ಮುಟ್ಟಿದ ಮೇಲೆ

ಇಳಿಸುವಾಗ ಯಾದಿಯ ಸಂಖ್ಯೆಗೆ ಒಂದೊಂದಾಗಿ ಗುರುತು ಹಾಕಬೇಕು. ಒಡೆದದ್ದು, ಬಾರದ್ದು ಇದ್ದರೆ ಮುಟ್ಟಿದ ಸಹಿಯ ಪಕ್ಕದಲ್ಲೇ ಬರೆಯಬೇಕು. ಡ್ರೈವರ್ ಅವಸರ ಮಾಡುತ್ತಾನೆ, ಮಾಡಲಿ. ಪೂರ್ತಿ ಹಣವನ್ನು ಮುಂಗಡ ಕೊಟ್ಟವರ ಮಾತನ್ನು ಆ ಹೊತ್ತಿನಲ್ಲಿ ಯಾರೂ ಕೇಳುವುದಿಲ್ಲ. ಸಾಮಾನು ನಷ್ಟದ ದಾವೆ ಹೂಡುವ ಮುನ್ನ, ಬುಕ್ ಮಾಡಿದ ದಿನದಿಂದ 180 ದಿನಗಳೊಳಗೆ ಸಾಗಣೆದಾರನಿಗೆ ಲಿಖಿತ ನೋಟಿಸ್ ಕೊಡಬೇಕೆಂದು 2007ರ ಕಾಯ್ದೆ ಹೇಳುತ್ತದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ಹೋಗಬಹುದು. 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ ದೂರನ್ನು ಸಂಸ್ಥೆಯ ಊರಿಗೆ ಅಲೆಯದೆ ಗ್ರಾಹಕ ತಾನು ವಾಸವಿರುವ ಜಿಲ್ಲೆಯಲ್ಲೇ ಕೊಡಬಹುದು. ಸೇವೆಗೆ ಕೊಟ್ಟ ಹಣ 5 ಲಕ್ಷ ರೂ. ಮೀರದಿದ್ದರೆ ಅದಕ್ಕೆ ಶುಲ್ಕವಿಲ್ಲ.