ಖಾಲಿ ಹಡಗಿನ ಲೆಕ್ಕ: ಕ್ರೂಸ್ ರಜೆ ಹುಟ್ಟಿದ ಕಥೆ

ಈ ಸಲದ ಎಪಿಸೋಡ್‌ಗೆ ಕಾರಣ ನೀವೇ. "ಮುಂಬೈಯಿಂದ ಕ್ರೂಸ್ ಹೋಗ್ಬೇಕು ಅಂತಿದೀವಿ, ದುಡ್ಡಿಗೆ ತಕ್ಕ ಹಾಗೆ ಇರತ್ತಾ? ಊರು ನೋಡೋಕೆ ಟೈಮ್ ಸಿಗತ್ತಾ?" ಅನ್ನೋ ಮೆಸೇಜ್ ನನಗೆ ಮೇಲಿಂದ ಮೇಲೆ ಬರ್ತಾ ಇದೆ. ಮೊದಲನೇ ಪ್ರಶ್ನೆಗೆ ಉತ್ತರ ಹೇಳೋ ರಿವ್ಯೂ ವಿಡಿಯೋಗಳು ಬೇಕಾದಷ್ಟಿವೆ. ನನ್ನ ಕುತೂಹಲ ಎರಡನೆಯದರ ಮೇಲೆ. ಹಡಗು ಒಂದು ಊರಿಗೆ ಬೆಳಿಗ್ಗೆ ಬರುತ್ತೆ, ಸಂಜೆ ಹೊರಟುಬಿಡುತ್ತೆ. ಯಾಕೆ ಅಷ್ಟೇ ಹೊತ್ತು? ಇದಕ್ಕೆ ಉತ್ತರ ಬೇಕು ಅಂದ್ರೆ ನೂರಮೂವತ್ತು ವರ್ಷ ಹಿಂದಕ್ಕೆ, ಜರ್ಮನಿಯ ಹ್ಯಾಂಬರ್ಗ್‌ಗೆ ಹೋಗ್ಬೇಕು.

ಅದಕ್ಕೂ ಮುಂಚೆ ಒಂದು ಸಣ್ಣ ತಮಾಷೆ. 1844ರಲ್ಲಿ ಇಂಗ್ಲೆಂಡಿನ ಪಿ ಅಂಡ್ ಒ ಕಂಪನಿ ಕಾದಂಬರಿಕಾರ ಥ್ಯಾಕರೆಯನ್ನು ಮೆಡಿಟರೇನಿಯನ್ ಸಮುದ್ರದ ಸುತ್ತಾಟಕ್ಕೆ ಪುಕ್ಕಟೆಯಾಗಿ ಕಳಿಸಿತು. ಆತ ವಾಪಸ್ ಬಂದು 1846ರಲ್ಲಿ ಅದರ ಮೇಲೆ ಪುಸ್ತಕವನ್ನೇ ಬರೆದ. ಇವತ್ತಿನ ಭಾಷೆಯಲ್ಲಿ ಹೇಳೋದಾದ್ರೆ ಪೇಯ್ಡ್ ಕೊಲ್ಯಾಬ್. ಆದರೆ ಪಿ ಅಂಡ್ ಒ ಹಡಗುಗಳ ಮುಖ್ಯ ಕೆಲಸ ಟಪಾಲು ಒಯ್ಯೋದು. ಪ್ರವಾಸಿ ಅಲ್ಲಿ ಪತ್ರದ ಮೂಟೆಗಳ ಜೊತೆ ಹೋಗುವವನು. ಪ್ರವಾಸಿಗಾಗಿಯೇ ಇಡೀ ಹಡಗು ಹೊರಡಿಸುವ ಯೋಚನೆಯನ್ನು ದೊಡ್ಡ ವ್ಯಾಪಾರ ಮಾಡಿದವನು ಆಲ್ಬರ್ಟ್ ಬಾಲಿನ್.

ಬಾಲಿನ್ ಹುಟ್ಟಿದ್ದು 1857ರಲ್ಲಿ, ಹ್ಯಾಂಬರ್ಗ್‌ನ ಒಂದು ಯಹೂದಿ ಕುಟುಂಬದಲ್ಲಿ. ಹದಿಮೂರು ಮಕ್ಕಳಲ್ಲಿ ಕೊನೆಯವನು. ಅಪ್ಪನದು ವಲಸೆ ಏಜೆನ್ಸಿ, ಅಂದ್ರೆ ಯುರೋಪ್ ಬಿಟ್ಟು ಅಮೆರಿಕಕ್ಕೆ ಹೊರಟ ಬಡವರಿಗೆ ಹಡಗಿನ ಟಿಕೆಟ್ ಮಾಡಿಸಿಕೊಡುವ ಸಣ್ಣ ಅಂಗಡಿ. ಅಪ್ಪ ತೀರಿಕೊಂಡಾಗ ಹುಡುಗನಿಗೆ ಇನ್ನೂ ಹದಿನೇಳು. ಅಂಗಡಿ ಅವನ ತಲೆಗೆ ಬಂತು.

ಅವನ ಮೊದಲ ದೊಡ್ಡ ಐಡಿಯಾ ನೋಡಿ. ಅಮೆರಿಕದಿಂದ ಸರಕು ತರುವ ಹಡಗುಗಳಲ್ಲಿ, ಆ ಕಡೆಗೆ ಹೋಗುವಾಗ ಜಾಗ ಖಾಲಿ ಇರುತ್ತಿತ್ತು. 1880ರ ದಶಕದ ಆರಂಭದಲ್ಲಿ ಎಡ್ವರ್ಡ್ ಕಾರ್ ಎಂಬ ಹಡಗು ಮಾಲೀಕನ ಜೊತೆ ಸೇರಿ ಬಾಲಿನ್ ಅದೇ ಜಾಗದಲ್ಲಿ ವಲಸಿಗರನ್ನು ಕಳಿಸತೊಡಗಿದ. ಹೋಗುವಾಗ ಜನ, ಬರುವಾಗ ಸರಕು. ಟಿಕೆಟ್ ಅಗ್ಗ. ಪಕ್ಕದ ದೈತ್ಯ ಕಂಪನಿ ಹಾಪಾಗ್‌ಗೆ ಇದು ಎಷ್ಟು ಕಾಟ ಕೊಟ್ಟಿತು ಅಂದ್ರೆ, 1886ರಲ್ಲಿ ಅವರು ಬಾಲಿನ್‌ನನ್ನೇ ಕರೆದು ತಮ್ಮ ಪ್ರಯಾಣಿಕ ವಿಭಾಗದ ಮುಖ್ಯಸ್ಥನನ್ನಾಗಿ ಮಾಡಿಕೊಂಡರು.

ಬಿಕಾಂ ಓದಿದವರು ಸ್ವಲ್ಪ ಕಿವಿ ನಿಮಿರಿಸಿ. ಹಾಪಾಗ್ ಬಳಿ ಅಗಸ್ಟಾ ವಿಕ್ಟೋರಿಯಾ ಅನ್ನೋ ಭರ್ಜರಿ ಹೊಸ ಹಡಗಿತ್ತು, 1889ರಲ್ಲಿ ಸೇವೆಗೆ ಇಳಿದದ್ದು. (ಜರ್ಮನಿಯ ಸಾಮ್ರಾಜ್ಞಿಯ ಹೆಸರು. ಆದರೆ ಆಕೆ ನಿಜವಾಗಿ 'ಅಗಸ್ಟೆ'. ಹಡಗಿನ ಮೇಲೆ ತಪ್ಪಾಗಿ 'ಅಗಸ್ಟಾ' ಅಂತ ಬಿತ್ತು, ತಿದ್ದಿದ್ದು 1897ರಲ್ಲಿ!) ಬೇಸಿಗೆಯಲ್ಲಿ ನ್ಯೂಯಾರ್ಕ್ ದಾರಿಯಲ್ಲಿ ಜನ ತುಂಬಿ ತುಳುಕುತ್ತಿದ್ದರು. ಚಳಿಗಾಲದಲ್ಲಿ ಅಟ್ಲಾಂಟಿಕ್ ಅಂದ್ರೆ ಬಿರುಗಾಳಿ, ಹಿಮ, ವಾಂತಿ. ಶ್ರೀಮಂತರು ಹತ್ತುತ್ತಿರಲಿಲ್ಲ. ಹಡಗು ನಿಂತಿದ್ದರೂ ಸಾಲದ ಬಡ್ಡಿ, ವಿಮೆ, ಸವಕಳಿ, ಸಿಬ್ಬಂದಿ ಸಂಬಳ ನಿಲ್ಲೋದಿಲ್ಲ. ಫಿಕ್ಸೆಡ್ ಕಾಸ್ಟ್ ಅಂತ ಪರೀಕ್ಷೆಗೆ ಉರು ಹೊಡೆದ ಪದ ಇದೇ. ಕಲ್ಲಿದ್ದಲು, ಊಟದ ಖರ್ಚಿಗಿಂತ ಒಂದು ರೂಪಾಯಿ ಜಾಸ್ತಿ ಬಂದರೂ ಹಡಗು ಓಡಿಸಿದ್ದೇ ಲಾಭ.

ಹಾಗಾಗಿ 1891ರ ಜನವರಿ 22ರಂದು ಅಗಸ್ಟಾ ವಿಕ್ಟೋರಿಯಾ 241 ಪ್ರಯಾಣಿಕರನ್ನು ಹೊತ್ತು ಕುಕ್ಸ್‌ಹಾಫೆನ್ ಬಂದರಿನಿಂದ ಮೆಡಿಟರೇನಿಯನ್ ಕಡೆಗೆ ಹೊರಟಿತು. ಎಲ್ಲಿಗೂ 'ತಲುಪುವ' ಉದ್ದೇಶ ಇಲ್ಲ, ಸುತ್ತಿ ವಾಪಸ್ ಬರೋದು. ಕಂಪನಿಯೊಳಗೇ ಕೆಲವರಿಗೆ ಇದು ಹುಚ್ಚಾಟ ಅನ್ನಿಸಿತ್ತಂತೆ. ಬಾಲಿನ್ ಹೆಂಡತಿಯನ್ನೂ ಕರೆದುಕೊಂಡು ತಾನೇ ಹತ್ತಿದ. ಎರಡು ತಿಂಗಳ ಹತ್ತಿರದ ಯಾತ್ರೆ: ಜಿನೋವಾ, ಅಲೆಕ್ಸಾಂಡ್ರಿಯಾ, ಜಾಫಾ, ಕಾನ್‌ಸ್ಟಾಂಟಿನೋಪಲ್, ನೇಪಲ್ಸ್, ಲಿಸ್ಬನ್.

ಆ ಪಟ್ಟಿಯಲ್ಲಿ ನನಗೆ ಜಾಫಾ ತುಂಬಾ ಇಷ್ಟ. ಅಲ್ಲಿ ಹಡಗು ದಡಕ್ಕೆ ಬರೋದೇ ಸಾಧ್ಯ ಇರಲಿಲ್ಲ. ಆಳ ಇಲ್ಲ, ಮೇಲಾಗಿ ಬಂಡೆಗಳ ಸಾಲು. ದೂರದಲ್ಲಿ ಲಂಗರು ಹಾಕಬೇಕು, ಸ್ಥಳೀಯ ಅಂಬಿಗರು ದೋಣಿಯಲ್ಲಿ ಬಂದು ಬಂಡೆ ತಪ್ಪಿಸಿ ದಡ ಮುಟ್ಟಿಸಬೇಕು. ಜೆರುಸಲೇಂ ಅಲ್ಲಿಂದ ಸುಮಾರು ಅರವತ್ತು ಕಿಲೋಮೀಟರ್. ರೈಲು ಬಂದದ್ದು 1892ರಲ್ಲಿ, ಅಂದ್ರೆ ಈ ಪ್ರವಾಸಿಗಳು ಹೋದ ಮರುವರ್ಷ. ಇವರಿಗೆ ಕುದುರೆಗಾಡಿಯ ರಸ್ತೆಯೇ ಗತಿ. ಹಾಗಾಗಿ ಹಡಗು ಕಾಯಬೇಕಿತ್ತು. ಬಂದರಿನ ವೇಗಕ್ಕೆ ಹಡಗು ಹೊಂದಿಕೊಳ್ಳುತ್ತಿದ್ದ ಕಾಲ ಅದು. ಇವತ್ತು ಉಲ್ಟಾ ಆಗಿದೆ.

ಪ್ರಯೋಗ ಗೆದ್ದಿತು. 1900ರಲ್ಲಿ ಹಾಪಾಗ್ ವಿಹಾರಕ್ಕೆಂದೇ ಕಟ್ಟಿದ ಮೊದಲ ಹಡಗು ಪ್ರಿನ್ಸೆಸಿನ್ ವಿಕ್ಟೋರಿಯಾ ಲೂಯಿಸೆಯನ್ನು ನೀರಿಗಿಳಿಸಿತು. ಎಲ್ಲಾ ಫಸ್ಟ್ ಕ್ಲಾಸ್. ಜಿಮ್, ಗ್ರಂಥಾಲಯ, ಫೋಟೋ ತೊಳೆಯಲು ಡಾರ್ಕ್ ರೂಮ್ ಕೂಡ. ಆಗಿನ ಇನ್‌ಸ್ಟಾಗ್ರಾಮ್ ಅನ್ನಿ. 1906ರ ಡಿಸೆಂಬರ್‌ನಲ್ಲಿ ಜಮೈಕಾದ ಹತ್ತಿರ ಬಂಡೆಗೆ ಸಿಕ್ಕಿ ಅದರ ಆಯುಸ್ಸು ಮುಗಿಯಿತು. ಪ್ರಯಾಣಿಕರೆಲ್ಲಾ ಬದುಕಿದರು.

ಒಂದು ಮಾತು ಇಲ್ಲೇ ಹೇಳ್ಬೇಕು. ಈ ವೈಭೋಗಕ್ಕೆ ದುಡ್ಡು ಹುಟ್ಟಿದ್ದು ಹಡಗಿನ ಕೆಳ ಅಂತಸ್ತಿನಲ್ಲಿ. 1901ರಲ್ಲಿ ಬಾಲಿನ್ ಹ್ಯಾಂಬರ್ಗ್‌ನ ಫೆಡೆಲ್ ದ್ವೀಪದಲ್ಲಿ ವಲಸಿಗರಿಗೆ ತಂಗಲು, ವೈದ್ಯಕೀಯ ತಪಾಸಣೆಗೆ ಒಂದು ಇಡೀ ಬಡಾವಣೆಯನ್ನೇ ಕಟ್ಟಿಸಿದ. ಈಗ ಅಲ್ಲಿ ಬಾಲಿನ್‌ಸ್ಟಾಟ್ ಎಂಬ ಮ್ಯೂಸಿಯಂ ಇದೆ. ಬಡತನ, ಯಹೂದಿಗಳ ಮೇಲಿನ ಹಿಂಸೆ ತಪ್ಪಿಸಿಕೊಂಡು ಓಡಿದವರು ಕೊಟ್ಟ ಅಗ್ಗದ ಟಿಕೆಟ್ ಹಣ ಈ ಕಂಪನಿಯನ್ನು ಜಗತ್ತಿನಲ್ಲೇ ದೊಡ್ಡದು ಮಾಡಿತು. ಯುದ್ಧದಲ್ಲಿ ಆ ಸಾಮ್ರಾಜ್ಯ ಕುಸಿಯಿತು. ಬಾಲಿನ್ ಸತ್ತದ್ದು 1918ರ ನವೆಂಬರ್ 9ಕ್ಕೆ, ಜರ್ಮನಿಯ ಚಕ್ರವರ್ತಿ ಪದತ್ಯಾಗದ ಸುದ್ದಿ ಬಂದ ದಿನವೇ.

ಈಗ ನಲವತ್ತು ವರ್ಷ ಜಿಗಿಯೋಣ. 1958ರಲ್ಲಿ ಅಟ್ಲಾಂಟಿಕ್ ಮೇಲೆ ಜೆಟ್ ವಿಮಾನಗಳ ಸೇವೆ ಶುರುವಾಯಿತು. ಐದಾರು ದಿನದ ದಾರಿ ಕೆಲವೇ ಗಂಟೆಗೆ ಇಳೀತು. ಬಾಲಿನ್‌ಗೆ ಚಳಿಗಾಲದಲ್ಲಿ ಮಾತ್ರ ಕಾಡಿದ್ದ ಸಮಸ್ಯೆ ಈಗ ವರ್ಷಪೂರ್ತಿ: ಹಡಗುಗಳೆಲ್ಲಾ ಖಾಲಿ. ಹಾಗೆ ಬೇಡವಾದ ಒಂದು ಹಳೇ ಹಡಗು, ಎಂಪ್ರೆಸ್ ಆಫ್ ಕೆನಡಾವನ್ನು ಕೊಂಡು ಟೆಡ್ ಆರಿಸನ್ ಮಯಾಮಿಯಲ್ಲಿ ಕಾರ್ನಿವಲ್ ಕಂಪನಿ ತೆರೆದ. ಹಡಗಿಗೆ ಮಾರ್ಡಿ ಗ್ರಾ ಅಂತ ಹೊಸ ಹೆಸರು. 1972ರ ಮಾರ್ಚ್‌ನಲ್ಲಿ, ನೂರಾರು ಟ್ರಾವೆಲ್ ಏಜೆಂಟರನ್ನು ಹತ್ತಿಸಿಕೊಂಡು ಹೊರಟ ಮೊದಲ ಯಾತ್ರೆಯಲ್ಲೇ ಅದು ಮಯಾಮಿ ಬಾಗಿಲಲ್ಲೇ ಮರಳಿನಲ್ಲಿ ಹೂತು ಕೂತಿತು. ಇದಕ್ಕಿಂತ ಕೆಟ್ಟ ಲಾಂಚ್ ಇರತ್ತಾ?

ಮುಂದೆ ಎಣ್ಣೆ ದುಬಾರಿಯಾಯಿತು. ಇಂಧನ ಉಳಿಸಲು ಹಡಗನ್ನು ನಿಧಾನ ಓಡಿಸಬೇಕು. ನಿಧಾನ ಓಡಿದರೆ ಊರುಗಳಲ್ಲಿ ಕಳೆಯೋ ಹೊತ್ತು ಕಮ್ಮಿ. ಕಾರ್ನಿವಲ್ ಈ ಕೊರತೆಯನ್ನೇ ಜಾಹೀರಾತು ಮಾಡಿಕೊಂಡಿತು: ಮಜಾ ಇರೋದು ಹಡಗಿನಲ್ಲೇ, 'ಫನ್ ಶಿಪ್'! ನನ್ನ ಪ್ರಕಾರ ಕ್ರೂಸ್ ಇತಿಹಾಸದ ನಿಜವಾದ ತಿರುವು ಇದು. ಅಲ್ಲಿವರೆಗೆ ಹಡಗು ಊರುಗಳನ್ನು ತೋರಿಸುತ್ತಿತ್ತು. ಆಮೇಲೆ ಊರು ಅನ್ನೋದು ಹಡಗಿನ ಮೆನುವಿನಲ್ಲಿ ಒಂದು ಐಟಂ ಆಯ್ತು.

ಲೆಕ್ಕದಲ್ಲೂ ಇದು ಕಾಣುತ್ತೆ. ರಾಯಲ್ ಕೆರಿಬಿಯನ್‌ನ 2023ರ ಆದಾಯ ಸುಮಾರು 13.9 ಬಿಲಿಯನ್ ಡಾಲರ್. ಅದರಲ್ಲಿ ಸುಮಾರು 4.3 ಬಿಲಿಯನ್ ಟಿಕೆಟ್ಟಿನದ್ದಲ್ಲ. ಬಾರ್, ಕ್ಯಾಸಿನೋ, ವೈಫೈ, ಶೋರ್ ಎಕ್ಸ್‌ಕರ್ಷನ್ ಇತ್ಯಾದಿ. ಇನ್ನು ಹಡಗು ಬಂದರಿನಲ್ಲಿ ಕಟ್ಟಿರುವಾಗ ಕ್ಯಾಸಿನೋ ಸಾಮಾನ್ಯವಾಗಿ ಬಂದ್, ಯಾಕಂದ್ರೆ ಅಲ್ಲಿ ಆ ದೇಶದ ಕಾನೂನು. ಸಮುದ್ರಕ್ಕೆ ಹೋದ ಮೇಲೆ ಮತ್ತೆ ಶುರು. ಸಂಜೆಗೇ ಹೊರಡೋ ಅವಸರ ಯಾಕೆ ಅಂತ ಈಗ ಸ್ವಲ್ಪ ಅರ್ಥ ಆಗತ್ತೆ ಅಲ್ವಾ? ರಾತ್ರಿ ಓಡಿ ಬೆಳಿಗ್ಗೆ ಮುಂದಿನ ಊರು ಮುಟ್ಟಬೇಕು ಅನ್ನೋದೂ ಇದೆ, ಇಲ್ಲ ಅನ್ನಲ್ಲ.

ಇನ್ನೂ ಒಂದು ಹೆಜ್ಜೆ ಮುಂದೆ ಹೋದವರೂ ಇದ್ದಾರೆ. 1977ರಲ್ಲಿ ನಾರ್ವೇಜಿಯನ್ ಕಂಪನಿ ಬಹಾಮಾಸ್‌ನಲ್ಲಿ ಗ್ರೇಟ್ ಸ್ಟರಪ್ ಕೇ ಅನ್ನೋ ಪುಟ್ಟ ದ್ವೀಪವನ್ನೇ ಖರೀದಿಸಿತು. ಬಂದರೂ ನಮ್ದೇ, ಎಳನೀರೂ ನಮ್ದೇ. ಊರಿನ ಅಂಗಡಿಯವನಿಗೆ ಹೋಗ್ತಿದ್ದ ಚಿಲ್ಲರೆಯೂ ಹಡಗಿನ ಗಲ್ಲಾಪೆಟ್ಟಿಗೆಗೇ.

ಊರುಗಳು ಸುಮ್ನೆ ಕೂರಲಿಲ್ಲ. 2019ರ ಜೂನ್‌ನಲ್ಲಿ ಎಂಎಸ್‌ಸಿ ಒಪೆರಾ ವೆನಿಸ್‌ನ ಜುಡೆಕ್ಕಾ ಕಾಲುವೆಯಲ್ಲಿ ನಿಯಂತ್ರಣ ತಪ್ಪಿ ದಕ್ಕೆಗೂ ಒಂದು ಪ್ರವಾಸಿ ದೋಣಿಗೂ ಗುದ್ದಿತು. ಹಲವು ವರ್ಷಗಳಿಂದ ಊರಿನವರು 'ದೊಡ್ಡ ಹಡಗು ಬೇಡ' ಅಂತ ಪ್ರತಿಭಟಿಸುತ್ತಲೇ ಇದ್ದರು. ಕೊನೆಗೆ 2021ರ ಆಗಸ್ಟ್ 1ರಿಂದ 25,000 ಟನ್ನೇಜ್‌ಗಿಂತ ದೊಡ್ಡ ಹಡಗುಗಳಿಗೆ ಆ ಕಾಲುವೆ ಬಂದ್ ಆಯಿತು. ಅಮೆರಿಕದ ಬಾರ್ ಹಾರ್ಬರ್ ಎಂಬ ಸಣ್ಣ ಊರಿನವರು 2022ರಲ್ಲಿ ವೋಟು ಹಾಕಿ, ದಿನಕ್ಕೆ ಸಾವಿರಕ್ಕಿಂತ ಹೆಚ್ಚು ಕ್ರೂಸ್ ಪ್ರಯಾಣಿಕರು ಇಳಿಯೋದು ಬೇಡ ಅಂದರು. ಮೂರು ಸಾವಿರ ಜನ ಒಟ್ಟಿಗೆ ಇಳಿದು, ಫೋಟೋ ತೆಗೆದು, ಊಟಕ್ಕೆ ಮಾತ್ರ ಹಡಗಿಗೆ ವಾಪಸ್ ಹೋದರೆ ಊರಿಗೆ ಉಳಿಯೋದೇನು? ಕಸ, ಟ್ರಾಫಿಕ್. ಅವರ ಸಿಟ್ಟು ನನಗಂತೂ ನ್ಯಾಯ ಅನ್ನಿಸುತ್ತೆ.

ಸರಿ, ನಿಮ್ಮ ಮುಂಬೈ ಕ್ರೂಸ್‌ಗೆ ಬರೋಣ. 2021ರ ಸೆಪ್ಟೆಂಬರ್‌ನಲ್ಲಿ ಕಾರ್ಡೀಲಿಯಾ ಸೇವೆ ಶುರು ಮಾಡಿದ 'ಎಂಪ್ರೆಸ್' ಹಡಗು 1990ರಲ್ಲಿ ನಾರ್ಡಿಕ್ ಎಂಪ್ರೆಸ್ ಅನ್ನೋ ಹೆಸರಲ್ಲಿ ರಾಯಲ್ ಕೆರಿಬಿಯನ್‌ಗೆ ಕಟ್ಟಿದ್ದು. ಮಯಾಮಿಯಿಂದ ಬಹಾಮಾಸ್‌ಗೆ ಮೂರು ನಾಲ್ಕು ರಾತ್ರಿಯ ವೀಕೆಂಡ್ ಟ್ರಿಪ್ಪಿಗೆ. ಕೋವಿಡ್‌ನಲ್ಲಿ ಹಡಗುಗಳೆಲ್ಲಾ ನಿಂತಾಗ, 2020ರ ಕೊನೆಗೆ ಅದನ್ನು ಮಾರಿದರು. ನಮ್ಮ ಗೋವಾ, ಲಕ್ಷದ್ವೀಪದ ಕ್ರೂಸ್‌ನ ಹಿಂದೆ ಇರೋದೂ ಒಂದು ಖಾಲಿ ಹಡಗೇ.

ಪ್ಲಾನ್ ಮಾಡುವಾಗ ಮೂರು ವಿಷಯ ಮಾತ್ರ ನೋಡ್ಕೊಳ್ಳಿ. ಮೊದಲು, ಪಟ್ಟಿಯಲ್ಲಿರೋ ಊರಿಗೂ ಬಂದರಿಗೂ ಎಷ್ಟು ದೂರ ಅಂತ ಮ್ಯಾಪ್‌ನಲ್ಲಿ ಅಳೆಯಿರಿ. 'ರೋಮ್' ಅಂತ ಬರೆದಿದ್ದರೆ ಹಡಗು ನಿಲ್ಲೋದು ಚಿವಿಟವೆಕ್ಕಿಯಾದಲ್ಲಿ, ರೋಮ್‌ನಿಂದ ಸುಮಾರು 80 ಕಿಲೋಮೀಟರ್. ನಮ್ಮ ಕೊಚ್ಚಿ ಪರವಾಗಿಲ್ಲ, ವಿಲ್ಲಿಂಗ್ಡನ್ ದ್ವೀಪದಿಂದ ಫೋರ್ಟ್ ಕೊಚ್ಚಿ ಹತ್ತಿರವೇ. ಆಮೇಲೆ, ಹಡಗು ದಕ್ಕೆಗೆ ತಾಗುತ್ತಾ, ಜಾಫಾ ಥರ ದೋಣಿ ಹತ್ತಬೇಕಾ ಕೇಳಿ. ದೋಣಿ ಅಂದ್ರೆ ಕ್ಯೂ, ಹೋಗಿ ಬರೋದಕ್ಕೇ ಒಳ್ಳೆಯ ಹೊತ್ತು ಹೋಗುತ್ತೆ. ಇನ್ನು ವಾಪಸ್ ಹತ್ತೋ ಗಡುವು. ಅದು ಹಡಗಿನ ಗಡಿಯಾರದ ಸಮಯ, ನಿಮ್ಮ ಫೋನ್‌ದಲ್ಲ. ಕಂಪನಿಯ ಟೂರ್ ಬಸ್ಸು ತಡವಾದರೆ ಹಡಗು ಸಾಮಾನ್ಯವಾಗಿ ಕಾಯುತ್ತೆ, ನೀವು ಹಿಡಿದ ಆಟೋಗೆ ಕಾಯೋದಿಲ್ಲ. ಆದರೂ ನಾನು ಆಟೋ ಪಕ್ಷ. ಒಂದೇ ಬೀದಿ ಆರಿಸಿ, ಅಲ್ಲೇ ಊಟ ಮಾಡಿ. ಆ ದುಡ್ಡಾದರೂ ಊರಲ್ಲಿ ಉಳೀಲಿ.

ಮಂಗಳೂರಿನವರಿಗೆ ಈ ಆಟ ಇನ್ನೊಂದು ಕಡೆಯಿಂದ ಗೊತ್ತು. ಹಳೇ ಬಂದರಿನಲ್ಲಿ ದೊಡ್ಡ ಹಡಗು ಒಳಗೆ ಬರೋಕೆ ಆಗ್ತಿರಲಿಲ್ಲ, ಜಾಫಾದ ಹಾಗೆ ದೂರದಲ್ಲಿ ನಿಲ್ಲಿಸಿ ದೋಣಿಯಲ್ಲಿ ಸರಕು ಸಾಗಿಸುತ್ತಿದ್ದರು. ಮಳೆಗಾಲದಲ್ಲಿ ಅದೂ ಇಲ್ಲ. 1970ರ ದಶಕದಲ್ಲಿ ಪಣಂಬೂರಿನಲ್ಲಿ ನವಮಂಗಳೂರು ಬಂದರು ಬಂತು. ಈಗ ಮಳೆಗಾಲ ಮುಗಿದ ಮೇಲೆ ವಿದೇಶಿ ಕ್ರೂಸ್ ಹಡಗುಗಳು ಅಲ್ಲಿಗೆ ಬರ್ತವೆ, ಸಾಮಾನ್ಯವಾಗಿ ಬೆಳಿಗ್ಗೆ ಬಂದು ಸಂಜೆಗೆ ಹೊರಡ್ತವೆ. ಆ ಹೊತ್ತಿನಲ್ಲೇ ಸುಮಾರು 35 ಕಿಲೋಮೀಟರ್ ದೂರದ ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕಾರ್ಕಳದ ಗೊಮ್ಮಟ, ಕುದ್ರೋಳಿ ದೇವಸ್ಥಾನ, ಸಂತ ಅಲೋಶಿಯಸ್ ಚಾಪೆಲ್‌ನಲ್ಲಿ ಮೊಸ್ಕೇನಿ ಬಿಡಿಸಿದ ಚಿತ್ರಗಳು, ಗೋಡಂಬಿ ಕಾರ್ಖಾನೆ. ಎಲ್ಲಾ ಒಂದೇ ದಿನ ಅಂದ್ರೆ ಬಸ್ಸಿನ ಕಿಟಕಿಯೇ ಹೆಚ್ಚು ನೋಡಿದ ಹಾಗೆ.

ಅದೇ ಕರಾವಳಿಯಿಂದ, ಗೋವಾದಿಂದ, ಎಷ್ಟೋ ಜನ ಈ ಹಡಗುಗಳ ಅಡುಗೆಮನೆಯಲ್ಲಿ, ಕ್ಯಾಬಿನ್‌ಗಳಲ್ಲಿ ತಿಂಗಳುಗಟ್ಟಲೆ ಕೆಲಸ ಮಾಡ್ತಾರೆ. 2013ರಲ್ಲಿ ಜಾರಿಗೆ ಬಂದ ಅಂತರರಾಷ್ಟ್ರೀಯ ಒಪ್ಪಂದದಲ್ಲಿ ಅವರಿಗೆ 24 ಗಂಟೆಯಲ್ಲಿ ಕನಿಷ್ಠ 10 ಗಂಟೆ ವಿಶ್ರಾಂತಿ ಅಂತ ಇದೆ. ಅಂದ್ರೆ ಉಳಿದ 14 ಗಂಟೆ ದುಡಿಸಬಹುದು ಅಂತಲೂ ಆಯ್ತು. ನೀವು ಇಳಿದು ಊರು ಸುತ್ತುವಾಗ ಅವರಲ್ಲಿ ಬಹಳ ಜನ ಹಡಗಿನಲ್ಲೇ ಇರ್ತಾರೆ. ನಿಮ್ಮ ಮನೆಯಲ್ಲಿ, ಬೀದಿಯಲ್ಲಿ ಹಾಗೆ ದುಡಿದು ಬಂದವರಿದ್ದರೆ, ಅವರಿಗೆ ಎಷ್ಟು ಬಂದರುಗಳಲ್ಲಿ ಕೆಳಗಿಳಿಯೋಕೆ ಸಿಕ್ಕಿತ್ತು ಅಂತ ಕೇಳಿ, ಅವರದೇ ದನಿಯಲ್ಲಿ ರೆಕಾರ್ಡ್ ಮಾಡಿ ಕಳಿಸಿ. ಮುಂದಿನ ಎಪಿಸೋಡ್ ಅವರದ್ದೇ.