ರೈಫಲ್ ತೋಟಾದ ಒತ್ತಡ

ರೈಫಲ್ ತೋಟಾದ ಒತ್ತಡ ಎಂದರೆ ತೋಟಾದೊಳಗಿನ ಮದ್ದು ಉರಿದಾಗ ಹುಟ್ಟುವ ಅನಿಲವು ಬಂದೂಕಿನ ನಳಿಕೆ, ತೋಟಾ ಕೂರುವ ಕೋಣೆ ಹಾಗೂ ಬೋಲ್ಟಿನ ಮೇಲೆ ಹೇರುವ ಬಲದ ಪ್ರಮಾಣ. ಮದ್ದು ಹೊತ್ತಿಕೊಂಡ ಬಳಿಕ ಸೆಕೆಂಡಿನ ಸಾವಿರದಲ್ಲೊಂದು ಭಾಗದಷ್ಟು ಅವಧಿಯಲ್ಲೇ ಇದು ಗರಿಷ್ಠ ಮಟ್ಟವನ್ನು ಮುಟ್ಟುತ್ತದೆ. ಹೊರನೋಟಕ್ಕೆ ಒಂದೇ ಬಗೆಯವಾದ ತೋಟಾಗಳ ಒತ್ತಡ ಒಂದೇ ಆಗಿರಬೇಕೆಂದಿಲ್ಲ. ಬಂದೂಕು ತಡೆಯಬಲ್ಲ ಮಿತಿಯನ್ನು ಒತ್ತಡ ಮೀರಿದರೆ ಹಿತ್ತಾಳೆಯ ಕವಚ ಹರಿಯಬಹುದು, ನಳಿಕೆಯೇ ಸಿಡಿಯಬಹುದು.

ಅಳತೆಯ ಕ್ರಮ

ಹಳೆಯ ಕ್ರಮದಲ್ಲಿ ತಾಮ್ರದ ಚಿಕ್ಕ ಉರುಳೆಯೊಂದು ಅನಿಲದ ಒತ್ತಡಕ್ಕೆ ಎಷ್ಟು ಕುಗ್ಗಿತೆಂಬುದನ್ನು ಅಳೆಯಲಾಗುತ್ತಿತ್ತು. ತಾಮ್ರವು ನಿಧಾನವಾಗಿ ಕುಗ್ಗುವುದರಿಂದ ಕ್ಷಣಿಕವಾದ ಗರಿಷ್ಠ ಒತ್ತಡ ಅದರಲ್ಲಿ ಪೂರ್ಣವಾಗಿ ದಾಖಲಾಗುವುದಿಲ್ಲ. ಇಂದು ಒತ್ತಡಕ್ಕೆ ವಿದ್ಯುತ್ ಸಂಕೇತ ನೀಡುವ ಸ್ಫಟಿಕದ ಸಂವೇದಕಗಳು ಬಳಕೆಯಲ್ಲಿವೆ. ಆದ್ದರಿಂದ ಎರಡು ಕ್ರಮಗಳ ಅಂಕಿಗಳನ್ನು ನೇರವಾಗಿ ಹೋಲಿಸಲಾಗದು. ಅಮೆರಿಕದ ಸಾಮಿ ಸಂಸ್ಥೆಯ ಪ್ರಕಾರ .308 ವಿಂಚೆಸ್ಟರ್ ತೋಟಾದ ಮಿತಿ ತಾಮ್ರದ ಮಾಪನದಲ್ಲಿ 52,000, ಸ್ಫಟಿಕದ ಮಾಪನದಲ್ಲಿ ಚದರ ಅಂಗುಲಕ್ಕೆ 62,000 ಪೌಂಡ್. ತೋಟಾ ಒಂದೇ, ಒತ್ತಡವೂ ಒಂದೇ. 7.62 ಮಿ.ಮೀ. ಸೇನಾ ತೋಟಾದ ಹಳೆಯ 50,000 ಎಂಬ ಅಂಕಿಯನ್ನು .308ರ 62,000ದೊಂದಿಗೆ ಹೋಲಿಸಿ ಅವೆರಡರ ನಡುವೆ ಅಗಾಧ ಅಂತರವಿದೆ ಎನ್ನುವ ವಾದ ಈ ಗೊಂದಲದಿಂದಲೇ ಹುಟ್ಟಿದ್ದು. ಸಂವೇದಕವನ್ನು ಇರಿಸುವ ಜಾಗವೂ ಸಂಸ್ಥೆಯಿಂದ ಸಂಸ್ಥೆಗೆ ಬೇರೆಯಾಗಿರುತ್ತದೆ.

5.56 ಮಿ.ಮೀ. ನ್ಯಾಟೋ ಮತ್ತು .223 ರೆಮಿಂಗ್ಟನ್ ತೋಟಾಗಳ ವಿಷಯ ಬೇರೆ. ಇಲ್ಲಿ ವ್ಯತ್ಯಾಸವಿರುವುದು ಬಂದೂಕಿನಲ್ಲಿ. ಸೇನಾ ರೈಫಲಿನಲ್ಲಿ ಗುಂಡಿನ ಮುಂದೆ ನಳಿಕೆಯ ಗೀರುಗಳು ಆರಂಭವಾಗುವ ಮುನ್ನ ಹೆಚ್ಚು ತೆರವಿರುತ್ತದೆ; .223ರ ಕೋಣೆಯಲ್ಲಿ ಅಷ್ಟಿರುವುದಿಲ್ಲ. ಹೀಗಾಗಿ ಸೇನಾ ತೋಟಾವನ್ನು ಅದರಲ್ಲಿ ಹಾರಿಸಿದರೆ ಒತ್ತಡ ಏರುತ್ತದೆ.

ಈಶಾಪುರದ ರೈಫಲ್

ಭಾರತದಲ್ಲಿ ಈ ಪ್ರಶ್ನೆ ಎದುರಾದದ್ದು 1962ರ ಯುದ್ಧದ ಬಳಿಕ. ಪಶ್ಚಿಮ ಬಂಗಾಳದ ಈಶಾಪುರ ರೈಫಲ್ ಕಾರ್ಖಾನೆಯು ಹಳೆಯ .303 ಲೀ-ಎನ್‌ಫೀಲ್ಡ್ ವಿನ್ಯಾಸವನ್ನೇ 7.62 ಮಿ.ಮೀ. ತೋಟಾಕ್ಕೆ ಹೊಂದಿಸಿ 2ಎ ಹಾಗೂ 2ಎ1 ಮಾದರಿಗಳನ್ನು ತಯಾರಿಸಿತು. ಯುರೋಪಿನ ಸಿ.ಐ.ಪಿ. ಮಾನದಂಡದಲ್ಲಿ .303ರ ಮಿತಿ 365 ಮೆಗಾಪಾಸ್ಕಲ್, .308ರದು 415, ಅಂದರೆ ಸುಮಾರು ಶೇ. 14ರಷ್ಟು ಅಧಿಕ. ಇದನ್ನು ತಾಳಿಕೊಳ್ಳಲು ಉತ್ತಮ ದರ್ಜೆಯ ಉಕ್ಕನ್ನು ಬಳಸಲಾಯಿತು. ಇದು ಹಳೆಯ .303 ರೈಫಲಿಗೆ ಹೊಸ ನಳಿಕೆ ಜೋಡಿಸಿದ್ದಷ್ಟೇ ಎಂಬ ಗ್ರಹಿಕೆ ಸರಿಯಲ್ಲ.

ಮದ್ದಿನ ಬಗೆ

ಕೊಡಗು, ಮಲೆನಾಡುಗಳಲ್ಲಿ ಬಾಯಿಯಿಂದ ಮದ್ದು ತುಂಬುವ ಕೇಪಿನ ಕೋವಿ ಮತ್ತು ತೋಟಾಕೋವಿ ಎಂಬ ಭೇದ ಜನರಿಗೆ ಪರಿಚಿತ. ಕೇಪಿನ ಕೋವಿಗೆ ಬಳಸುವುದು ಕರಿಮದ್ದು. ಅದು ಉರಿದಾಗ ಅರ್ಧಕ್ಕಿಂತ ಹೆಚ್ಚು ಭಾಗ ಮಸಿ ಮತ್ತು ಹೊಗೆಯ ಕಣಗಳಾಗಿ ಉಳಿಯುತ್ತದೆ. ಹೊಗೆರಹಿತ ಮದ್ದು ಬಹುಪಾಲು ಅನಿಲವೇ ಆಗುತ್ತದೆ. ಒತ್ತಡ ಏರಿದಂತೆ ಅದು ಉರಿಯುವ ವೇಗವೂ ಏರುತ್ತದೆ. ತೋಟಾ ಬಿಚ್ಚಿ ತೆಗೆದ ಇಂಥ ಮದ್ದನ್ನು ಕೇಪಿನ ಕೋವಿಗೆ ತುಂಬಿದರೆ ನಳಿಕೆ ಸಿಡಿದು ಹಾರಿಸುವವನ ಕೈ, ಕಣ್ಣುಗಳಿಗೆ ಅಪಾಯ ಒದಗುತ್ತದೆ.

ಉಷ್ಣತೆಯ ಪ್ರಭಾವ

ಮದ್ದು ಬಿಸಿಯಾದಷ್ಟೂ ಒತ್ತಡ ಹೆಚ್ಚುತ್ತದೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳಂಥ ಬಯಲುಸೀಮೆಯ ತಾಲ್ಲೂಕುಗಳಲ್ಲಿ ಬೇಸಿಗೆಯ ಬಿಸಿಲಿಗೆ ನಿಂತ ವಾಹನದೊಳಗಿನ ಉಷ್ಣತೆ ಹೊರಗಿನ ಗಾಳಿಗಿಂತ ಬಹಳ ಮೇಲಿರುತ್ತದೆ. ಅಲ್ಲಿರಿಸಿದ ತೋಟಾ ನೆರಳಿನಲ್ಲಿದ್ದ ತೋಟಾಕ್ಕಿಂತ ಹೆಚ್ಚಿನ ಒತ್ತಡ ನೀಡುತ್ತದೆ. ಹಾರಿಸಿದ ಮೇಲೆ ಬೋಲ್ಟನ್ನು ಎತ್ತುವುದು ಕಷ್ಟವಾಗುವುದು, ತೋಟಾದ ಕೇಪು ಚಪ್ಪಟೆಯಾಗುವುದು ಅಥವಾ ತೂತಾಗುವುದು ಮಿತಿಮೀರಿದ ಒತ್ತಡದ ಸಾಮಾನ್ಯ ಕುರುಹುಗಳು. ಆದರೆ ಇವು ಕಾಣಿಸದೆಯೂ ಒತ್ತಡ ಮಿತಿಯನ್ನು ದಾಟಿರಬಹುದು.