ವಿಕಲಚೇತನರ ಪರೀಕ್ಷಾ ಸೌಲಭ್ಯಗಳು (ಭಾರತ)

ದೈಹಿಕ, ಇಂದ್ರಿಯಸಂಬಂಧಿ ಅಥವಾ ಕಲಿಕಾ ನ್ಯೂನತೆಯುಳ್ಳ ವಿದ್ಯಾರ್ಥಿಯು ತಾನು ಕಲಿತದ್ದನ್ನು ಪರೀಕ್ಷೆಯಲ್ಲಿ ತೊಡಕಿಲ್ಲದೆ ನಿರೂಪಿಸಲು ಅನುವಾಗುವಂತೆ ವಿಶ್ವವಿದ್ಯಾಲಯ ಅಥವಾ ಪರೀಕ್ಷಾ ಸಂಸ್ಥೆ ಮಾಡಿಕೊಡುವ ಏರ್ಪಾಡುಗಳಿಗೆ ಪರೀಕ್ಷಾ ಸೌಲಭ್ಯಗಳೆಂದು ಹೆಸರು. ಅಭ್ಯರ್ಥಿ ಹೇಳಿದ ಉತ್ತರವನ್ನು ಬರೆದುಕೊಡುವ ಲಿಪಿಕಾರ (ರೂಢಿಯಲ್ಲಿ ಸ್ಕ್ರೈಬ್), ಹೆಚ್ಚಿನ ಕಾಲಾವಕಾಶ, ಬ್ರೈಲ್ ಅಥವಾ ದೊಡ್ಡ ಅಕ್ಷರದ ಪ್ರಶ್ನೆಪತ್ರಿಕೆ, ಪರದೆಯ ಬರಹವನ್ನು ಓದಿ ಹೇಳುವ ಕಂಪ್ಯೂಟರು ಇವುಗಳಲ್ಲಿ ಮುಖ್ಯವಾದವು. ಪ್ರಶ್ನೆಗಳೂ ಮೌಲ್ಯಮಾಪನದ ಮಾನದಂಡವೂ ಸಾಮಾನ್ಯವಾಗಿ ಎಲ್ಲರಿಗೂ ಒಂದೇ ಆಗಿದ್ದು, ಉತ್ತರಿಸುವ ವಿಧಾನ ಬೇರೆಯಾಗಿರುತ್ತದೆ.

ಭಾರತದಲ್ಲಿ ಈ ಏರ್ಪಾಡಿಗೆ ಕೇಂದ್ರ ಶಾಸನದ ಬೆಂಬಲ ದೊರೆತದ್ದು 1995ರ ವಿಕಲಚೇತನರ ಅಧಿನಿಯಮದಿಂದ. ಅದರ 31ನೆಯ ಪ್ರಕರಣವು ಅಂಧ ಹಾಗೂ ಮಂದದೃಷ್ಟಿಯ ವಿದ್ಯಾರ್ಥಿಗಳಿಗೆ ಲಿಪಿಕಾರರನ್ನು ಒದಗಿಸುವ ಹೊಣೆಯನ್ನು ಶಿಕ್ಷಣ ಸಂಸ್ಥೆಗಳ ಮೇಲೆ ಹೊರಿಸಿತು. ಆದರೆ ಲಿಪಿಕಾರ ಯಾರಾಗಿರಬೇಕು, ಎಷ್ಟು ಓದಿರಬೇಕು, ಸಮಯ ಎಷ್ಟು ಎಂಬುದನ್ನು ಕಾಯ್ದೆ ಹೇಳದ ಕಾರಣ ಒಂದೊಂದು ಪರೀಕ್ಷಾ ಸಂಸ್ಥೆ ಒಂದೊಂದು ನಿಯಮ ಮಾಡಿಕೊಂಡಿತು. ಈ ಗೊಂದಲವನ್ನು ನಿವಾರಿಸಲು ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯವು 2013ರ ಫೆಬ್ರವರಿ 26ರಂದು ಏಕರೂಪದ ಮಾರ್ಗಸೂಚಿ ಹೊರಡಿಸಿ, ಶೇ. 40ಕ್ಕೆ ಕಡಿಮೆಯಿಲ್ಲದ ನ್ಯೂನತೆಯುಳ್ಳವರಿಗೆ ಗಂಟೆಗೆ ಕನಿಷ್ಠ 20 ನಿಮಿಷದ ಪರಿಹಾರಾತ್ಮಕ ಸಮಯವನ್ನು, ಅಂದರೆ ನ್ಯೂನತೆಯಿಂದ ಕಳೆದುಹೋಗುವ ವೇಳೆಯನ್ನು ತುಂಬಿಕೊಡುವ ಅವಧಿಯನ್ನು ನಿಗದಿಪಡಿಸಿತು. ಲಿಪಿಕಾರನ ವಯಸ್ಸು, ವಿದ್ಯಾರ್ಹತೆ, ಅಂಕಗಳಿಗೆ ಮಿತಿ ಹೇರದೆ, ಅಕ್ರಮದ ಭಯವಿದ್ದರೆ ಕೊಠಡಿಯ ಮೇಲ್ವಿಚಾರಣೆಯನ್ನೇ ಬಿಗಿಗೊಳಿಸಬೇಕೆಂದ ಈ ಮಾರ್ಗಸೂಚಿ ಅಭ್ಯರ್ಥಿಯನ್ನು ನಂಬಿದ ದಾಖಲೆಯಾಗಿದೆ. 2018ರ ಆಗಸ್ಟ್ 29ರ ಪರಿಷ್ಕೃತ ಮಾರ್ಗಸೂಚಿಯು ಅಭ್ಯರ್ಥಿ ತಾನೇ ಕರೆತರುವ ಲಿಪಿಕಾರನ ವಿದ್ಯಾರ್ಹತೆ ಅಭ್ಯರ್ಥಿಯದಕ್ಕಿಂತ ಒಂದು ಹಂತ ಕೆಳಗಿರಬೇಕೆಂದು ವಿಧಿಸಿ ಆ ನಂಬಿಕೆಯನ್ನು ಮೊಟಕುಗೊಳಿಸಿತು. ಉನ್ನತ ಗಣಿತದ ಸಂಕೇತಗಳನ್ನಾಗಲಿ ಶಾಸ್ತ್ರೀಯ ಪಾರಿಭಾಷಿಕ ಪದಗಳನ್ನಾಗಲಿ ಬರೆಯಲರಿಯದ ಲಿಪಿಕಾರನಿಂದ ಸ್ನಾತಕೋತ್ತರ ವಿದ್ಯಾರ್ಥಿಗೆ ಆಗುವ ನಷ್ಟವನ್ನು ಹೆಚ್ಚಿನ ಸಮಯ ತುಂಬಲಾರದು.

2018ರ ಮಾರ್ಗಸೂಚಿಗೂ ಮೊದಲು, 2017ರ ಏಪ್ರಿಲ್ 19ರಂದು ಜಾರಿಗೆ ಬಂದ 2016ರ ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮವು ಏಳಿದ್ದ ನ್ಯೂನತೆಗಳ ಪಟ್ಟಿಯನ್ನು 21ಕ್ಕೆ ಹಿಗ್ಗಿಸಿ, ಲಿಪಿಕಾರ ಮತ್ತು ಹೆಚ್ಚಿನ ಸಮಯವನ್ನು 17ನೆಯ ಪ್ರಕರಣದಲ್ಲಿ ಸ್ಪಷ್ಟವಾಗಿ ಹೆಸರಿಸಿತ್ತು. ಹೀಗಿದ್ದರೂ ಶೇ. 40ರ ಗೆರೆಯನ್ನು ಪರೀಕ್ಷಾ ಸಂಸ್ಥೆಗಳು ಬಿಡಲಿಲ್ಲ. ಕೈಯ ಸ್ನಾಯುಗಳು ಬರೆಯುವಾಗ ಮಾತ್ರ ಸೆಟೆದುಕೊಳ್ಳುವ ತೊಂದರೆಯಿದ್ದ ಅಭ್ಯರ್ಥಿಯೊಬ್ಬರಿಗೆ ನಾಗರಿಕ ಸೇವಾ ಪರೀಕ್ಷೆಯಲ್ಲಿ ಲಿಪಿಕಾರರನ್ನು ನಿರಾಕರಿಸಿದಾಗ, ಸರ್ವೋಚ್ಚ ನ್ಯಾಯಾಲಯವು ವಿಕಾಶ್ ಕುಮಾರ್ ಪ್ರಕರಣದಲ್ಲಿ (2021ರ ಫೆಬ್ರವರಿ 11) ಆ ಗೆರೆ ಮೀಸಲಾತಿಯಂಥ ಸವಲತ್ತುಗಳಿಗೆ ಸಂಬಂಧಿಸಿದ್ದೆಂದೂ, ಬರೆಯಲಾಗದವನಿಗೆ ನೆರವು ಕೊಡಲು ಅದು ಅಡ್ಡಿಯಾಗಕೂಡದೆಂದೂ ತೀರ್ಪಿತ್ತಿತು. ನ್ಯಾಯಮೂರ್ತಿ ಡಿ. ವೈ. ಚಂದ್ರಚೂಡ್ ಬರೆದ ಈ ತೀರ್ಪು ಇಡೀ ಇತಿಹಾಸದ ತಿರುವು. ಇದರ ಫಲವಾಗಿ 2022ರ ಆಗಸ್ಟ್ 10ರಂದು, ಶೇ. 40ಕ್ಕಿಂತ ಕಡಿಮೆ ನ್ಯೂನತೆಯಿದ್ದು ಬರೆಯಲು ಕಷ್ಟವಿರುವವರಿಗಾಗಿ ಪ್ರತ್ಯೇಕ ಮಾರ್ಗಸೂಚಿ ಬಂದಿತು.

ಸೌಲಭ್ಯ ಬೇಕಾದ ವಿದ್ಯಾರ್ಥಿ ಸಾಮಾನ್ಯವಾಗಿ ಪರೀಕ್ಷಾ ಅರ್ಜಿಯ ವೇಳೆಗೇ ಅದನ್ನು ಕೋರಿ, ನ್ಯೂನತೆಯ ಪ್ರಮಾಣಪತ್ರವನ್ನೂ, ಅಂಧತ್ವ, ಎರಡೂ ತೋಳುಗಳ ಚಲನಾ ನ್ಯೂನತೆ ಅಥವಾ ಮೆದುಳಿನ ಪಾರ್ಶ್ವವಾಯು ಇಲ್ಲದವರಾದರೆ ಬರೆಯಲು ಅಡ್ಡಿಯಿದೆಯೆಂಬ ಸರ್ಕಾರಿ ಆಸ್ಪತ್ರೆಯ ವೈದ್ಯಾಧಿಕಾರಿಯ ದೃಢೀಕರಣವನ್ನೂ ಲಗತ್ತಿಸಬೇಕು. ಹಕ್ಕು ಹೆಚ್ಚಾಗಿ ಸೋರಿಹೋಗುವುದು ಈ ಹಂತದಲ್ಲೇ. ಜಿಲ್ಲಾಸ್ಪತ್ರೆ ದೂರವಿರುವ ಹಳ್ಳಿಯ ವಿದ್ಯಾರ್ಥಿಗೆ ಕಾಗದ ಕೈಸೇರುವಷ್ಟರಲ್ಲಿ ಅರ್ಜಿಯ ಕೊನೆಯ ದಿನ ಕಳೆದಿರಬಹುದು. 2025ರ ಫೆಬ್ರವರಿ 3ರ ಗುಲ್ಶನ್ ಕುಮಾರ್ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಪರೀಕ್ಷಾ ಸೌಲಭ್ಯಗಳನ್ನು ಎಲ್ಲ ವಿಕಲಚೇತನ ಅಭ್ಯರ್ಥಿಗಳಿಗೂ ವಿಸ್ತರಿಸಬೇಕೆಂದು ಆದೇಶಿಸಿ, ಆರು ತಿಂಗಳಷ್ಟೇ ಊರ್ಜಿತವಾಗಿದ್ದ ಲಿಪಿಕಾರ ಪ್ರಮಾಣಪತ್ರದ ಅವಧಿಯನ್ನು ಹೆಚ್ಚಿಸಬೇಕೆಂದೂ, ನ್ಯಾಯಾಲಯದ ಮೆಟ್ಟಿಲೇರುವ ಮೊದಲೇ ದೂರು ಸಲ್ಲಿಸಲು ಅಂತರ್ಜಾಲದಲ್ಲಿ ವ್ಯವಸ್ಥೆ ಕಲ್ಪಿಸಬೇಕೆಂದೂ ಸೂಚಿಸಿತು.